ಕಿಂಡಿಯಾಚೆಯ ಕೈ

ಹೆಸರು ಬರೆಯುವುದಿಲ್ಲ. ಬರೆದರೆ ಓದಿದವರು ನಾಲ್ಕು ಜನ ಅವರನ್ನು ಕಣ್ಣೆದುರು ನಿಲ್ಲಿಸಿಕೊಂಡು ನೋಡಲು ಹೊರಡುತ್ತಾರೆ. ಬದುಕಿಡೀ ಆ ಮನುಷ್ಯ ತಪ್ಪಿಸಿಕೊಳ್ಳಲು ಒದ್ದಾಡಿದ್ದು ಅದೊಂದನ್ನೇ.

ಹೋದ ತಿಂಗಳು ತೀರಿಕೊಂಡರಂತೆ. ಸುದ್ದಿ ತಂದವನು ನಮ್ಮ ಹುಲಗೋಳದವನು, ಬೇರೆ ಕೆಲಸಕ್ಕೆ ಬಂದಿದ್ದ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಹಾಂ, ನಿಮ್ಮ ಯಲ್ಲಾಪುರದ ಚಾದ ಭಟ್ರು ಹೋದ್ರಂತೆ ಮಾರಾಯ್ರೆ" ಎಂದ. ನಾನು "ಹೌದಾ" ಎಂದೆ. ಅವನು ಹೋದ ಮೇಲೆ ಒಳಗೆ ಬಂದು, ಬೇಡದಿದ್ದರೂ ಒಂದು ಚಾ ಮಾಡಿಸಿಕೊಂಡು ಕುಡಿದೆ. ನನ್ನ ಹೆಂಡತಿಯ ಚಾ ಕೆಟ್ಟದ್ದೇನಲ್ಲ. ಇದನ್ನು ಅವಳೂ ಓದುತ್ತಾಳೆ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ.

ಮುಂಬಯಿ ರಾಜ್ಯದಲ್ಲಿ ಮಲಗಿದ ನಾವು ಮೈಸೂರು ರಾಜ್ಯದಲ್ಲಿ ಎದ್ದೆವಲ್ಲ, ಅದರ ಮರುವರ್ಷ ನನಗೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬುಕಿಂಗ್ ಕ್ಲಾರ್ಕ್ ಕೆಲಸ ಸಿಕ್ಕಿತು. ಸ್ಟ್ಯಾಂಡ್ ಎಂದರೆ ಒಂದು ತಗಡಿನ ಮಾಡು, ಅದರಡಿ ನನ್ನ ಮೇಜು, ಮೇಜಿಗೆ ತಾಗಿದಂತೆ ಒಂದು ಹೋಟೆಲು. ಕಾರವಾರದಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ಅರಬೈಲು ಘಟ್ಟ ಹತ್ತಿ ಬಂದು ಅಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಘಟ್ಟದ ತಿರುವುಗಳಲ್ಲಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಿಟಕಿಯಿಂದ ಆಚೆ ಕಳಿಸಿದ ನಲವತ್ತು ಜನ ಬಿಳಿಚಿಕೊಂಡ ಮುಖದಲ್ಲಿ ಇಳಿದು, ಬಾಯಿ ಮುಕ್ಕಳಿಸಿ, ಎಲ್ಲರೂ ಒಟ್ಟಿಗೇ "ಚಾ" ಎನ್ನುತ್ತಿದ್ದರು. ಹತ್ತು ನಿಮಿಷ, ನಲವತ್ತು ಚಾ. ಡ್ರೈವರು ಎಂಟನೇ ನಿಮಿಷಕ್ಕೇ ಹಾರ್ನ್ ಹಾಕುತ್ತಿದ್ದ. ಎರಡು ನಿಮಿಷ ಅವನಿಗೆ ಏನು ಕೆಲಸವಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಹೋಟೆಲಿನ ಅಡುಗೆ ಕೋಣೆಗೂ ಹೊರಗಿನ ಬೆಂಚುಗಳಿಗೂ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯಲ್ಲಿ ತಟ್ಟೆ ದಾಟುವಷ್ಟು ದೊಡ್ಡ ಒಂದು ಕಿಂಡಿ. ಆ ಕಿಂಡಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು. ಕೈಯಲ್ಲಿ ಎಂಟು ಕಪ್ಪು-ಬಸಿಯ ತಟ್ಟೆ, ಉಂಗುರದ ಬೆರಳಿಗೆ ಪವಿತ್ರದುಂಗುರ, ಮೊಣಕೈಯ ಹತ್ತಿರ ಒಂದು ಹಳೆ ಸುಟ್ಟ ಕಲೆ. ತಟ್ಟೆ ಇಟ್ಟು ಕೈ ಒಳಗೆ ಹೋಗುತ್ತಿತ್ತು, ಮತ್ತೆ ಎಂಟು ಕಪ್ಪು ತರುತ್ತಿತ್ತು. ಏಳು ನಿಮಿಷದಲ್ಲಿ ಐದು ಸಲ. ಒಂದು ಹನಿ ಬಸಿಗೆ ಬಿದ್ದದ್ದನ್ನು ನಾನು ಕಂಡಿಲ್ಲ. ಆ ಚಾ ಕುಡಿದವರು ಹಾರ್ನ್ ಕೇಳಿದರೂ ಏಳುತ್ತಿರಲಿಲ್ಲ, ಇನ್ನೇನು ಹೇಳಲಿ.

ಕೈಯ ಹಿಂದಿನ ಮನುಷ್ಯನನ್ನು ನಾನು ಕಂಡದ್ದು ಆರು ತಿಂಗಳ ಮೇಲೆ. ಒಂದು ಬೆಳಿಗ್ಗೆ ಹೋಟೆಲಿನ ಹಿಂದಿನ ಬಾವಿಯಲ್ಲಿ ಯಾರೋ ಉದ್ದನೆಯ, ಬಡಕಲು ಆಳು ನೀರು ಸೇದುತ್ತಿದ್ದರು. ಮುಖ ಪರಿಚಯವಿರಲಿಲ್ಲ. ಹಗ್ಗ ಎಳೆಯುವಾಗ ಸುಟ್ಟ ಕಲೆ ಕಂಡಿತು. "ಓ, ನೀವೋ!" ಎಂದೆ. ಅವರು ಕೊಡವನ್ನು ಹಾಗೇ ಬಾವಿಯೊಳಗೆ ಬಿಟ್ಟು, ಪಂಚೆ ಸರಿ ಮಾಡಿಕೊಂಡು, "ಆನೇ" ಎಂದರು, ನಾನೇ ಎಂದು. ಪರಿಚಯ ಅಲ್ಲಿಗೆ ಮುಗಿಯಿತು. ಕೊಡ ಎತ್ತಲು ಆಮೇಲೆ ಪಾತಾಳಗರಡಿ ತರಬೇಕಾಯಿತು.

ಐವತ್ತು ದಾಟಿದವರು, ಸಿದ್ದಾಪುರದ ತ್ಯಾಗಲಿ ಕಡೆಯವರು, ಇರುವುದು ಹೋಟೆಲಿನ ಹಿಂದಿನ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೇ ಎಂಬುದೆಲ್ಲ ನಿಧಾನಕ್ಕೆ ಗೊತ್ತಾಯಿತು. ಮಾತು ಕಡಿಮೆ. ಕಿಂಡಿಯಿಂದ ಏನು ಕೇಳಿದರೂ ಅವರಲ್ಲಿದ್ದದ್ದು ಎರಡೇ ಉತ್ತರ. ಮಾಡುವ ಮೊದಲು "ಆಗಲಿ", ಮಾಡಿದ ಮೇಲೆ "ಆತು".

ಈ "ಆಗಲಿ"ಯ ಬಗ್ಗೆ ಒಂದು ಹೇಳಬೇಕು. ರಾಜ್ಯ ಬದಲಾದ ಮೇಲೆ ಮೈಸೂರು ಕಡೆಯ ಒಬ್ಬ ಅಧಿಕಾರಿ ನಮ್ಮೂರಿಗೆ ಬಂದ. ಬಂದ ದಿನವೇ ಕಿಂಡಿಯ ಹತ್ತಿರ ಬಗ್ಗಿ, "ಒಂದು ಸ್ಟ್ರಾಂಗ್ ಕಾಫಿ. ಡಿಕಾಕ್ಷನ್ ಗಟ್ಟಿಯಾಗಿರಬೇಕು" ಎಂದ. ಹೋಟೆಲಿನಲ್ಲಿ ಕಾಫಿಪುಡಿ ಎಂಬ ವಸ್ತುವೇ ಇರಲಿಲ್ಲ. ಒಳಗಿನಿಂದ "ಆಗಲಿ" ಎಂದು ಬಂತು. ಸ್ವಲ್ಪ ಹೊತ್ತಿನಲ್ಲಿ ಕೊತ್ತಂಬರಿ ಜೀರಿಗೆ ಹುರಿದು ಕುಟ್ಟಿದ ಪುಡಿಯ ಕಷಾಯ, ಬೆಲ್ಲ ಹಾಲು ಹಾಕಿದ್ದು, ಹಬೆಯಾಡುತ್ತ ಹೊರಗೆ ಬಂತು. ಅಧಿಕಾರಿ ಕುಡಿದ, ಯೋಚಿಸಿದ, ಇನ್ನೊಂದು ಗುಟುಕು ಕುಡಿದ. "ಈ ಕಡೆ ಕಾಫಿ ಬೇರೆ ಥರ, ಆದರೆ ಚೆನ್ನಾಗಿದೆ" ಎಂದ. ಎರಡು ವರ್ಷ ದಿನವೂ ಬಂದು ಕುಡಿದ. ವರ್ಗವಾಗಿ ಹೋಗುವಾಗ ಆ ಕಾಫಿ ಬೀಜ ಯಾವ ತೋಟದ್ದು ಎಂದು ನನ್ನನ್ನು ಕೇಳಿದ. ಹೇರೂರಿನದು ಎಂದೆ. ಬರೆದುಕೊಂಡ.

ಹೀಗೆ ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ಒಬ್ಬ ಪ್ರಯಾಣಿಕ. ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿಯಂತೆ. ಕಪ್ಪು ಎತ್ತಿ ಮೂಸಿ ನೋಡಿ, ಗೋಡೆಯ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಗ್ವಾಡಿ ಹಿಂದ ಏನ್ ಕುದಸ್ತಾರೋ ಯಾರ್ ಬಲ್ಲರು? ನಮ್ಮ ಹುಬ್ಬಳ್ಯಾಗ ಹೊಸಾ ಹೋಟೆಲ್ನ್ಯಾಗ ಎಲ್ಲಾ ಗಿರಾಕಿ ಕಣ್ಮುಂದನ ಮಾಡ್ತಾರ್ರಿ" ಎಂದ. ಅವನು ಹಾಗೆಂದದ್ದೇ ತಡ, ಪಕ್ಕದವನೂ ತನ್ನ ಕಪ್ಪನ್ನು ಮೂಸಿದ. ಸಂಶಯ ಎನ್ನುವುದು ಆಕಳಿಕೆಯ ಹಾಗೆ, ಒಬ್ಬನಿಂದ ಇನ್ನೊಬ್ಬನಿಗೆ ಬರುತ್ತದೆ. ಆ ದಿನ ಹನ್ನೊಂದು ಕಪ್ಪು ಚಾ ಹಾಗೇ ಉಳಿಯಿತು.

ಹೋಟೆಲಿನ ಸಾವಕಾರ್ರು ಬನವಾಸಿ ಕಡೆಯವರು. ಒಳ್ಳೆಯ ಮನುಷ್ಯ, ಆದರೆ ಕೆಲಸ ಹಿಡಿದರೆ ತಡ ಮಾಡುವವರಲ್ಲ. ಸೋಮವಾರ ಹಾರೆ ತರಿಸಿ ಗೋಡೆ ಕೆಡವಿಸಿದರು. ಮಂಗಳವಾರ ಸೊಂಟದೆತ್ತರದ ಹೊಸ ಒಲೆ ಕಟ್ಟಿಸಿದರು, ಬೆಂಚುಗಳ ಎದುರಿಗೇ, ಬಸ್ಸಿಗೆ ಮುಖ ಮಾಡಿ. ಬುಧವಾರ ಭಟ್ಟರು ಅದರ ಹಿಂದೆ ನಿಂತರು. ಸ್ನಾನ ಮಾಡಿ ವಿಭೂತಿ ಹಚ್ಚಿ ಬಂದಿದ್ದರು. ಬಸ್ಸು ಬಂತು. ಜನ ಇಳಿದರು, ಮುಕ್ಕಳಿಸಿದರು, ಸುತ್ತ ನಿಂತರು. ನಿಂತು ನೋಡಿದರು.

ನಾನು ನನ್ನ ಮೇಜಿನಿಂದಲೇ ಕಂಡೆ. ಅವರು ಚಾ ಸೋಸುವ ಬಟ್ಟೆಯ ಚೀಲ ಎತ್ತಿದರು. ಡ್ರೈವರು ಇಂಜಿನ್ ಬಂದ್ ಮಾಡದೆ ಇಳಿದು ಹೋದಾಗ ಹಿಂದಿನ ಸೀಟು ಹೇಗೆ ಗಡಗಡ ನಡುಗುತ್ತದೋ, ಹಾಗೆ ಆ ಕೈ ನಡುಗಿತು. ಚಾ ಬಸಿಗೆ ಬಿತ್ತು, ಒಲೆಗೆ ಬಿತ್ತು, ಮುಂದೆ ನಿಂತಿದ್ದ ಒಬ್ಬರ ಧೋತರಕ್ಕೂ ಬಿತ್ತು. ಕಪ್ಪಿಗೆ ಬಿದ್ದದ್ದು ಕಡಿಮೆ. ಹತ್ತು ನಿಮಿಷದಲ್ಲಿ ಹದಿನಾಲ್ಕು ಚಾ ಆಯಿತು. ಉಳಿದವರು ಬರಿ ಬಾಯಲ್ಲಿ ಬಸ್ಸು ಹತ್ತಿದರು. ಅದೇ ಕೈ! ನನಗೆ ನಂಬಲಿಕ್ಕೇ ಆಗಲಿಲ್ಲ.

ಅವರೂ ಸುಮ್ಮನಿರಲಿಲ್ಲ, ಉಪಾಯ ಹುಡುಕಿದರು. ಮಾರನೆಯ ದಿನ ಚೀಲ ಎತ್ತುವ ಮೊದಲು ಬಸ್ಸಿನ ಕಡೆ ಕತ್ತೆತ್ತಿ, "ಮೇಲೆ ಯಾರದೋ ಗಂಟು ಬಿಚ್ಚಿದ ಹಾಗಿದೆ" ಎಂದರು. ನಲವತ್ತು ಜನರೂ ತಟ್ಟನೆ ಹಿಂದೆ ತಿರುಗಿ ಬಸ್ಸಿನ ಮಾಡು ನೋಡಿದರು. ಅವರೆಲ್ಲ ಮುಖ ಈ ಕಡೆ ತಿರುಗಿಸುವಷ್ಟರಲ್ಲಿ ಎಂಟು ಕಪ್ಪು ತುಂಬಿತ್ತು, ಒಂದು ಹನಿ ಚೆಲ್ಲದೆ. ಮುಂದಿನ ಎಂಟಕ್ಕೆ, "ಅದು ಯಾರ ಮಗು ಅಳೂದು?" ಎಂದರು. ಐದು ತಟ್ಟೆಗೆ ಐದು ಸುಳ್ಳು ಬೇಕು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ದಿನವೂ ಅವೇ ಐದನ್ನು ಅದೇ ಕ್ರಮದಲ್ಲಿ ಹೇಳುತ್ತಿದ್ದರು. ವಾರದಲ್ಲಿ ಮೂರು ಸಲ ಓಡಾಡುವವರಿಗೆಲ್ಲ ಬಾಯಿಪಾಠವಾಯಿತು. ಆರನೆಯ ದಿನ ನಿಜವಾಗಿಯೂ ಒಬ್ಬನ ಹಾಸಿಗೆ ಸುರುಳಿ ಬಿಚ್ಚಿ ರಸ್ತೆಗೆ ಬಿತ್ತು. ಯಾರೂ ತಿರುಗಲಿಲ್ಲ.

ಬಸ್ಸುಗಳು ತಡವಾಗಿ ಹೊರಡತೊಡಗಿದವು. ತಡವಾದರೆ ಕಾರಣ ಬರೆಯಬೇಕಾದವನು ನಾನು. "ಚಾ ಮಾಡುವವರ ಕೈ ನಡುಗಿದ್ದರಿಂದ" ಎಂದು ಸರಕಾರಿ ರಿಜಿಸ್ಟರಿನಲ್ಲಿ ಬರೆಯಲು ಬರುವುದಿಲ್ಲ. "ಘಟ್ಟದಲ್ಲಿ ಇಂಜಿನ್ ಕಾದದ್ದು" ಎಂದು ಬರೆದೆ. ಇಪ್ಪತ್ತು ದಿನ ಒಂದೇ ಕಾರಣ. ಮೇಲಿನಿಂದ ಇಂಜಿನ್ ಪರೀಕ್ಷಿಸಲು ಮೆಕ್ಯಾನಿಕ್ ಒಬ್ಬನನ್ನು ಕಳಿಸಿದರು. ಅವನು ಬಂದು, ಕೂತು, ತನಗೂ ಚಾ ಬರಲಿಲ್ಲ ಎಂದು ಬೈದುಕೊಂಡು ಹೋದ.

ಒಂದು ದಿನ ಸಾವಕಾರ್ರು ನನ್ನ ಮೇಜಿಗೆ ಬಂದು ಕೂತರು. "ಕ್ಲಾರ್ಕರ, ಯುಗಾದಿ ತನಕಾ ನೋಡ್ತೇನ್ರಿ. ಆಮ್ಯಾಗ ಹುಬ್ಬಳ್ಳಿಯಿಂದ ಒಬ್ಬಾಂವನ್ನ ಕರಸ್ತೇನಿ. ಒಂದ್ ಮೊಳ ಮ್ಯಾಲಿಂದ ಚಾ ಸುರೀತಾನಂತ, ಜನಾ ನಿಂತು ನೋಡ್ತಾರಂತ. ನೀವರ ಒಂದ್ ಮಾತು ಭಟ್ರಿಗೆ ಹೇಳ್ರಿ. ನನಗ ಬಾಯಿ ಬರವಲ್ದು."

"ಅವರು ಎಲ್ಲಿಗೆ ಹೋಗಬೇಕು?" ಎಂದೆ. ಕೆಲಸ ಹೋದರೆ ಹಿಂದಿನ ಕೋಣೆಯೂ ಹೋಗುತ್ತದೆ. ಊರಲ್ಲಿ ಅವರಿಗೆ ಮನೆ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಅದನ್ನ ನೆನಸಿದ್ರ ನಂಗ ಊಟಾ ಸೇರವಲ್ದು" ಎಂದರು ಸಾವಕಾರ್ರು, ನಿಜವಾಗಿಯೇ.

ಮಧ್ಯಾಹ್ನ ಬಸ್ಸಿಲ್ಲದ ಹೊತ್ತಿನಲ್ಲಿ ಕೋಣೆಗೆ ಹೋದೆ. ಭಟ್ಟರು ಗೋಡೆಗೆ ಒರಗಿ ಕೂತಿದ್ದರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಪರರ ವಸ್ತು ನೋಡುವ ಹಾಗೆ ನೋಡುತ್ತಿದ್ದರು. ನಾನು ಹೇಳುವ ಮೊದಲೇ, "ಯುಗಾದಿ ತನಕ ಅಲ್ದಾ?" ಎಂದರು. ಗೋಡೆ ಕೆಡವಿದ ಮೇಲೆ ಅವರಿಗೂ ಎಲ್ಲ ಕೇಳಿಸುತ್ತಿತ್ತು.

"ಯಾಕೆ ಹೀಗೆ ನಡುಗುತ್ತದೆ?" ಎಂದು ಕೇಳಿದೆ.

"ಎಂತ ಮಾಡ್ಲಿ ತಮಾ. ಕೈ ಆನು ಹೇಳಿದ್ದು ಕೇಳ್ತಿಲ್ಲೆ."

ಆಮೇಲೆ ಹೇಳಿದರು. ಅಷ್ಟು ಉದ್ದ ಅವರು ಮಾತಾಡಿದ್ದನ್ನು ನಾನು ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಲಿಲ್ಲ. ಹದಿನಾರನೆಯ ವಯಸ್ಸಿನಿಂದ ಊರ ದೇವಸ್ಥಾನದಲ್ಲಿ ದೇವರಿಗೆ ನೈವೇದ್ಯ ಬೇಯಿಸುತ್ತಿದ್ದವರು ಅವರು. ನೈವೇದ್ಯದ ಕೋಣೆಯ ಬಾಗಿಲು ಹಾಕಿಕೊಂಡೇ ಅಡುಗೆ. ಆಗುವವರೆಗೆ ಯಾರ ಕಣ್ಣೂ ಬೀಳಬಾರದು. ಬಿದ್ದರೆ ಅದು ದೇವರಿಗೆ ಆಗುವುದಿಲ್ಲ, ಚೆಲ್ಲಿ ಮತ್ತೆ ಮಾಡಬೇಕು. ಮಾಡುವವರೂ ಮೂಸುವಂತಿಲ್ಲ, ರುಚಿ ನೋಡುವಂತಿಲ್ಲ. ಮೂವತ್ತು ವರ್ಷ ಹಾಗೆ ಮಾಡಿದರು. ಆಮೇಲೆ ಪೂಜೆಯ ಸರದಿ ದಾಯಾದಿಗಳ ಕಡೆಗೆ ಹೋಯಿತು, ಇವರು ಯಲ್ಲಾಪುರಕ್ಕೆ ಬಂದರು. ಕಿಂಡಿಯ ಹೋಟೆಲು ನೋಡಿ, ಇದು ತನಗೆ ಆದೀತು ಎಂದುಕೊಂಡರು.

"ಒಳಗೆ ನಿಂತರೆ ಚಾ ಹೇಳಿ ಅನ್ಸ್ತಿತ್ತಿಲ್ಲೆ" ಎಂದರು. ಚಾ ಎಂದೇ ಅನ್ನಿಸುತ್ತಿರಲಿಲ್ಲವಂತೆ. "ಕಿಂಡಿ ಆಚಿಗೆ ದೇವ್ರಿದ್ದ, ಕೇಳ್ತಾ ಇದ್ದ, ಕೊಡ್ತಾ ಇದ್ದೆ, ಅಷ್ಟೇಯ."

ತಟ್ಟೆ ಹೊರಗೆ ಕೊಡುವ ಮೊದಲು ಅದರ ಸುತ್ತ ನೀರು ಸುತ್ತುಗಟ್ಟಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದರಂತೆ. ನಲವತ್ತು ಚಾಕ್ಕೆ ಐದು ಸಲ ನೈವೇದ್ಯ. ಆ ತಟ್ಟೆಗಳ ಅಂಚು ಯಾವಾಗಲೂ ಒದ್ದೆಯಾಗಿರುತ್ತಿತ್ತು. ನಾವು ತೊಳೆದದ್ದು ಒರೆಸಿಲ್ಲ ಎಂದುಕೊಂಡಿದ್ದೆವು.

"ಈಗ ಎಲ್ಲಾ ನೋಡ್ತ. ನೋಡಿದ್ದು ಚೆಲ್ಲವು ಹೇಳಿ ಕೈಗೆ ಗೊತ್ತಿದ್ದು. ಅದೇ ಚೆಲ್ತು" ಎಂದರು. ಕಣ್ಣು ಬಿದ್ದದ್ದನ್ನು ಚೆಲ್ಲಬೇಕೆಂದು ಕೈ ಕಲಿತಿದೆ ಎಂದದ್ದು ತಮಾಷೆಗಲ್ಲ.

ಮೂಲೆಯಲ್ಲಿ ಹತ್ತಿಯ ಬತ್ತಿ ಹೊಸೆಯುತ್ತಿದ್ದ ಅವರ ಹೆಂಡತಿ, ತಲೆ ಎತ್ತದೆ, "ನಂಗೂ ನೋಡ್ಲೆ ಬಿಡ್ತ್ವಿಲ್ಲೆ. ಮದುವೆಯಾಗಿ ಇಷ್ಟು ವರ್ಷ ಆತು, ಒಂದು ಚಾ ಮಾಡಿದ್ದು ನೋಡಿದ್ನಿಲ್ಲೆ" ಎಂದರು. ದೂರಿನ ಹಾಗೇನೂ ಇರಲಿಲ್ಲ.

ನಾನು ಏಳುವಾಗ ಭಟ್ಟರು ಬಾಗಿಲವರೆಗೆ ಬಂದರು. "ತಮಾ, ಇದು ಯಾರ ಹತ್ರನೂ ಹೇಳಡ" ಎಂದರು. "ಹೇಳುವುದಿಲ್ಲ" ಎಂದೆ. ಆಗ ಹೇಳುವ ಯೋಚನೆ ನನಗೆ ನಿಜವಾಗಿಯೂ ಇರಲಿಲ್ಲ.

ಪರದೆ ಕಟ್ಟುವುದು ನನ್ನದೇ ಉಪಾಯ. ದೇವಸ್ಥಾನದಲ್ಲಿ ನೈವೇದ್ಯಕ್ಕೆ ಪರದೆ ಎಳೆಯುವುದಿಲ್ಲವೇ? ಬಸ್ಸಿನ ಮೇಲಿನ ಸಾಮಾನಿಗೆ ಹೊದಿಸುವ ಹಳೆಯ ತಾಡಪತ್ರಿಯ ಒಂದು ತುಂಡು ನನ್ನ ಮೇಜಿನಡಿ ಬಿದ್ದಿತ್ತು. ಸರಕಾರಿ ಸೊತ್ತು. ಅದನ್ನು ಒಲೆಯ ಮುಂದೆ ಹಗ್ಗಕ್ಕೆ ಇಳಿಬಿಟ್ಟೆ. "ಹೊಗೆ ಹೊಡೀತದೆ, ಗಾಳಿಗೆ ಅಡ್ಡ" ಎಂದು ಸಾವಕಾರ್ರಿಗೆ ಹೇಳಿದೆ. ಅವರು ನನ್ನ ಮುಖ ನೋಡಿದರು, ತಾಡಪತ್ರಿ ನೋಡಿದರು, "ಯುಗಾದಿ ತನಕಾ" ಎಂದರು.

ಪರದೆ ಬಿದ್ದ ಮೇಲೆ ಕೈ ಮತ್ತೆ ಮೊದಲಿನ ಕೈ ಆಯಿತು. ಪರದೆಯ ಬದಿಯಿಂದ ತಟ್ಟೆ ಬಂತು, ಎಂಟೆಂಟು, ಐದು ಸಲ, ಏಳು ನಿಮಿಷ. ಬಸ್ಸುಗಳು ಸಮಯಕ್ಕೆ ಹೊರಟವು. ಘಟ್ಟದಲ್ಲಿ ಇಂಜಿನ್ ಕಾಯುವುದು ನಿಂತಿತು. ಹನ್ನೆರಡು ದಿನ ನಾನು ಊಟ ಮಾಡಿದ್ದು ಹೊಟ್ಟೆಗೆ ಸೇರಿತು.

ಹದಿಮೂರನೆಯ ದಿನ ದಪ್ಪ ಮೀಸೆಯ ಒಬ್ಬ ಗುತ್ತಿಗೆದಾರ ಬಸ್ಸಿನಿಂದ ಇಳಿದ. ಎಲ್ಲರಂತೆ ಮುಕ್ಕಳಿಸಲಿಲ್ಲ. ಅವನ ಹೊಟ್ಟೆ ಘಟ್ಟಕ್ಕೆ ಬಗ್ಗುವಂಥದ್ದಲ್ಲ. ನೇರ ಬಂದು ತಾಡಪತ್ರಿಯ ಮುಂದೆ ನಿಂತ. "ಏನಿದು? ಚಾದಂಗಡಿಗೆ ಬುರ್ಖಾ? ಒಳಗೆ ಏನು ಹಾಕ್ತೀರಿ?" ಎಂದ. ಗೋಡೆ ಇದ್ದಾಗ ಒಬ್ಬ ಕೇಳಿದ್ದ. ಗೋಡೆ ತೆಗೆದು ಪರದೆ ಕಟ್ಟಿದ್ದಕ್ಕೆ ಹತ್ತು ಜನ ಕೇಳಿದರು. "ಹೌದೌದು, ತೋರ್ಸ್ಲಿ" ಎಂದರು ಹಿಂದಿನವರು. ಸಾವಕಾರ್ರು ಎದ್ದು ಬಂದರು. ಗುತ್ತಿಗೆದಾರ ತಾಡಪತ್ರಿಯ ಅಂಚಿಗೆ ಕೈ ಹಾಕಿದ.

ಒಳಗೆ ಅವರು ಕಣ್ಣು ಮುಚ್ಚಿ ನಿಂತಿದ್ದಾರೆ ಎಂದು ನನಗೆ ಗೊತ್ತು. ಎಳೆದರೆ ಏನಾಗುತ್ತದೆಂದೂ ಗೊತ್ತು. ನಾನು ಮೇಜಿನ ಮೇಲಿಂದ ಹಾರಿದೆ ಎಂದೇ ಹೇಳಬೇಕು. "ಕೈ ತೆಗೀರಿ! ಅವರು ದೇವರಿಗೆ ನೈವೇದ್ಯ ಮಾಡಿದವರು. ನಿಮಗೆ ಕೊಡುವ ಚಾವನ್ನು ದೇವರಿಗೆ ತೋರಿಸಿಯೇ ಕೊಡೋದು. ನೈವೇದ್ಯ ಆಗುವಾಗ ಪರದೆ ಎಳೀತೀರಾ?" ಎಂದು ಕೂಗಿದೆ.

ಗುತ್ತಿಗೆದಾರ ತಾಡಪತ್ರಿಯನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟು, ಎರಡೂ ಕೆನ್ನೆಗೆ ಬಡಿದುಕೊಂಡ. ಹಿಂದೆ ಯಾರೋ ಚಪ್ಪಲಿ ಕಳಚಿದರು. ಅದನ್ನು ನೋಡಿ ಎಲ್ಲರೂ ಕಳಚಿದರು. ಪರದೆಯ ಬದಿಯಿಂದ ತಟ್ಟೆ ಹೊರಗೆ ಬಂತು. ಕಪ್ಪುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಒಳಗೆ ಎಲ್ಲ ಕೇಳಿಸಿತ್ತು. ನಾನು ಗೆದ್ದೆನೆಂದು ತಿಳಿದು ಮೇಜಿಗೆ ಹೋಗಿ ಕೂತೆ. ಮೂರ್ಖ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ನನಗೆ ನಾಚಿಕೆಯಾಗುತ್ತದೆ. ಬಸ್ಸಿನಲ್ಲಿ ಸುದ್ದಿ ಬಸ್ಸಿಗಿಂತ ಬೇಗ ಹೋಗುತ್ತದೆ. ನಾಲ್ಕೇ ದಿನದಲ್ಲಿ ಹುಬ್ಬಳ್ಳಿಯಿಂದ ಬರುವವರು "ದೇವರ ಚಾ ಇಲ್ಲೇ ಏನ್ರಿ?" ಎಂದು ಕೇಳಿಕೊಂಡು ಇಳಿಯತೊಡಗಿದರು. ಘಟ್ಟ ಹತ್ತುವ ಮೊದಲೇ ಅಂಕೋಲೆಯವರಿಗೂ ಗೊತ್ತಿತ್ತು. ಸಾವಕಾರ್ರಿಗೆ ಹಿಡಿಸಲಾರದ ಸಂತೋಷ. "ಇಂಥಾದ್ದನ್ನ ಮುಚ್ಚಿಡೂದಾ? ಜನಾ ಕಣ್ತುಂಬಾ ನೋಡ್ಲಿ!" ಎಂದು ತಾವೇ ತಾಡಪತ್ರಿ ಬಿಚ್ಚಿ, ಮಡಿಚಿ, ನನಗೆ ವಾಪಸು ತಂದುಕೊಟ್ಟರು. ಒಲೆಯ ಮೇಲೆ ಒಂದು ದೇವರ ಪಟ ಬಂತು. ಪಟಕ್ಕೆ ಹೂ ಬಂತು. ಒಂದು ಗಂಟೆಯೂ ಬಂತು. ಮೊಳದೆತ್ತರದಿಂದ ಚಾ ಸುರಿಯುವ ಹುಬ್ಬಳ್ಳಿಯವನ ಮಾತು ಯಾರೂ ಮತ್ತೆ ಎತ್ತಲಿಲ್ಲ. "ಭಟ್ರ, ನೀವು ಸಾಯೂತನಕಾ ಇಲ್ಲೇ ಇರ್ರಿ, ಹಿಂದಿನ ಕೋಲಿ ನಿಮ್ಮದ" ಎಂದರು ಸಾವಕಾರ್ರು. ಭಟ್ಟರು "ಆಗಲಿ" ಎಂದರು.

ಈಗ ಜನ ಚಾ ಬರಲಿ ಎಂದು ನಿಲ್ಲುತ್ತಿರಲಿಲ್ಲ, ನೋಡಲೆಂದೇ ನಿಲ್ಲುತ್ತಿದ್ದರು. ಕೈಮುಗಿದು ನಿಲ್ಲುತ್ತಿದ್ದರು. ಕೈ ಮೊದಲಿಗಿಂತ ಹೆಚ್ಚು ನಡುಗಿತು. ಯಾರೂ ಬೈಯಲಿಲ್ಲ. "ಭಕ್ತಿ ನೋಡಿ, ಮೈ ಹೇಗೆ ಕಂಪಿಸ್ತದೆ" ಎಂದು ಪಿಸುಗುಟ್ಟಿದರು. ಚೆಲ್ಲಿದಷ್ಟೂ ಒಳ್ಳೆಯದಾಯಿತು. ಒಬ್ಬ ಮುದುಕಿ ಒಲೆಯ ಕಟ್ಟೆಯ ಮೇಲೆ ಚೆಲ್ಲಿದ್ದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅರ್ಧ ಕಪ್ಪು ಸಿಕ್ಕವರು ಪುಣ್ಯವಂತರಂತೆ ಕುಡಿದು ಹೋದರು. ಬಸ್ಸು ಇಪ್ಪತ್ತು ನಿಮಿಷ ನಿಂತರೂ ಡ್ರೈವರು ಹಾರ್ನ್ ಹಾಕಲಿಲ್ಲ. ಅವನೂ ಕೈಮುಗಿದು ನಿಂತಿದ್ದ.

ನಾನು ಆ ದಿನಗಳಲ್ಲಿ ಹೋಟೆಲಿನ ಕಡೆ ತಲೆ ಎತ್ತಿ ನೋಡಲಿಲ್ಲ. ಒಂದು ಸಲ ಮಾತ್ರ ನಮ್ಮ ಕಣ್ಣು ಸೇರಿತು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಸಂತೆಯ ನಡುವೆ ಪಂಚೆ ಕಳಚಿಹೋದವನ ಮುಖ ಅದು.

ಹತ್ತನೆಯ ದಿನ ಬೆಳಿಗ್ಗೆ, ಮೊದಲ ಬಸ್ಸಿಗೆ, ಗಂಡ ಹೆಂಡತಿ ಇಬ್ಬರೂ ಒಂದು ಟ್ರಂಕು, ಒಂದು ಚಾಪೆ ಸುರುಳಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು. "ಶಿರಸಿಗೆ ಎರಡು" ಎಂದರು ಭಟ್ಟರು. ನಾನು ಟಿಕೇಟು ಹರಿದೆ. "ಕಿಟಕಿ ಬದಿ ಕೊಡಲಾ?" ಎಂದೆ. "ಬೇಡ" ಎಂದರು. ಅವರ ಹೆಂಡತಿ ಮಾತ್ರ ಬಸ್ಸು ಹತ್ತುವಾಗ ತಿರುಗಿ ನೋಡಿ, "ಹೋಗ್ಬತ್ಯ ತಮಾ" ಎಂದರು. ಸಾವಕಾರ್ರು ಎದ್ದು ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಅವರು ಸಣ್ಣ ಮಕ್ಕಳ ಹಾಗೆ ಅತ್ತರು. ನಾನು ಅವತ್ತು ಅಳಲಿಲ್ಲ, ನನಗೆ ಅಳುವ ಅಧಿಕಾರ ಇಲ್ಲ ಎನ್ನಿಸಿತು.

ನಾಲ್ಕು ವರ್ಷ ಕಳೆಯಿತು. ನನಗೆ ಸಿದ್ದಾಪುರಕ್ಕೆ ವರ್ಗವಾಯಿತು. ಒಂದು ದಿನ ನಮ್ಮ ಮಾವನವರ ಜೊತೆ ಶಿರಸಿಯ ಒಂದು ಅಡಿಕೆ ಮಂಡಿಗೆ ಹೋಗಬೇಕಾಯಿತು. ಅಡಿಕೆ ರಾಶಿಯ ಮುಂದೆ ವ್ಯಾಪಾರಸ್ಥರು ಇಬ್ಬಿಬ್ಬರಾಗಿ ನಿಂತು, ಶಲ್ಯದಡಿ ಕೈ ತೂರಿಸಿ, ಒಬ್ಬರ ಬೆರಳು ಒಬ್ಬರು ಹಿಡಿದು ದರ ಕುದುರಿಸುತ್ತಿದ್ದರು. ಯಾರ ಕೈ ಏನು ಮಾಡುತ್ತಿದೆ ಎಂದು ನೋಡುವುದು ಆ ಜಾಗದಲ್ಲಿ ದೊಡ್ಡ ಅಮರ್ಯಾದೆ. ನಾನು ಹೊತ್ತು ಹೋಗದೆ ಹಿಂದಕ್ಕೆ ಹೋದೆ. ಗೋಡೆಯೆತ್ತರಕ್ಕೆ ಒಟ್ಟಿದ ಚೀಲಗಳ ಹಿಂದೆ ಹೊಗೆ ಏಳುತ್ತಿತ್ತು. ಚೀಲದ ಸಂದಿನಿಂದ ತಟ್ಟೆಯೊಂದು ಹೊರಗೆ ಬಂತು.

ಬೇರೆ ಗುರುತು ಬೇಕಾಗಲಿಲ್ಲ. ಸುತ್ತು ಬಳಸಿ ಹೋಗಿ ಮುಂದೆ ನಿಂತೆ. ಭಟ್ಟರು ಇನ್ನಷ್ಟು ಬಗ್ಗಿದ್ದರು. ನನ್ನನ್ನು ನೋಡಿ, "ಓ, ತಮಾ" ಎಂದರು, ನಿನ್ನೆ ಕಂಡವರ ಹಾಗೆ.

ನಾಲ್ಕು ವರ್ಷದಿಂದ ಮನಸ್ಸಿನಲ್ಲಿ ಜೋಡಿಸಿಟ್ಟ ಮಾತು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಒಂದೇ. "ಅವತ್ತು ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು."

"ಹೌದು" ಎಂದರು. "ಮುಚ್ಚಿಗಂಡಿದ್ರೆ ಚೊಲೋ ಇತ್ತು."

ಬೇರೆ ಯಾರಾದರೂ ಆಗಿದ್ದರೆ, "ಇರಲಿ ಬಿಡು, ಆದದ್ದು ಆಯಿತು" ಎನ್ನುತ್ತಿದ್ದರು. ಅವರು ಅನ್ನಲಿಲ್ಲ. ಇನ್ನು ನಿಲ್ಲುವುದು ಬೇಡ ಎಂದು ಹೊರಟೆ.

"ಎಲ್ಲಿಗೆ? ಆಸರಿಗೆ ಬೇಡದಾ?"

"ಚಾ ಬೇಕು. ಆ ಕಡೆ ನಿಂತಿರ್ತೇನೆ, ನೀವು ಮಾಡಿ" ಎಂದೆ.

"ಇಲ್ಲೇ ಕೂರು" ಎಂದರು. ಒಲೆಯ ಎದುರಿನ ಒಂದು ಚೀಲ ತೋರಿಸಿದರು. ಒಂದು ಮಾರು ದೂರವೂ ಇಲ್ಲ.

ಕೂತೆ. ಅವರು ಬೆನ್ನು ತಿರುಗಿಸಲಿಲ್ಲ. ನೀರು ಇಟ್ಟರು, ಪುಡಿ ಹಾಕಿದರು, ಹಾಲು ಹಾಕಿದರು. ಸೋಸುವ ಚೀಲ ಎತ್ತಿದಾಗ ನನ್ನ ಕಡೆ ಒಮ್ಮೆ ನೋಡಿದರು. "ನೋಡಿರೂ ಅಡ್ಡಿಲ್ಲೆ" ಎಂದರು.

ಕೈ ನಡುಗಿತು. ಒಲೆಯ ಮೇಲೆ ಚುಂಯ್ ಎಂದು ಬಿತ್ತು, ಕಾಲಿನ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲೂ ಇಲ್ಲ, ನನ್ನನ್ನು ಬೇರೆ ಕಡೆ ನೋಡು ಎನ್ನಲೂ ಇಲ್ಲ. ಹಲ್ಲು ಕಚ್ಚಿ ಹಿಡಿದು, ಆದಷ್ಟನ್ನು ಕಪ್ಪಿಗೆ ಇಳಿಸಿ ನನ್ನ ಕೈಗೆ ಕೊಟ್ಟರು. ಮುಕ್ಕಾಲು ಚೆಲ್ಲಿಹೋಗಿತ್ತು. ಆಗ ನನಗೆ ಅಳು ಬಂತು, ಮುಚ್ಚಿಡುವುದೇನಿದೆ. ಕುಡಿದೆ. ಸಕ್ಕರೆ ಹಾಕಲು ಮರೆತಿದ್ದರು.

"ಸಕ್ಕರೆ ಇಲ್ಲ" ಎಂದೆ.

"ಇಲ್ಯಾ? ಥೋ! ಕೊಡು ಇತ್ಲಾಗೆ" ಎಂದು ಕಪ್ಪು ಇಸಿದುಕೊಂಡರು. ಪಾತ್ರೆ ತೊಳೆದು ಮತ್ತೆ ಮೊದಲಿನಿಂದ ನೀರಿಟ್ಟರು. ಆಚೆ ಮಾವನವರು ನನ್ನನ್ನು ಹುಡುಕಿ ಕೂಗುತ್ತಿದ್ದರು. ನಾನು ಏಳಲಿಲ್ಲ. ಎರಡನೆಯ ಸಲವೂ ಕೈ ನಡುಗಿತು, ಆದರೆ ಕಪ್ಪು ಅರ್ಧಕ್ಕಿಂತ ಹೆಚ್ಚೇ ತುಂಬಿತು.